ಎತ್ತಿನ ನೀರು

ನಾನು ಮೊಟ್ಟಮೊದಲು ಹೊಟ್ಟೆಕಿಚ್ಚು ಪಟ್ಟದ್ದು ಎತ್ತುಗಳನ್ನು ನೋಡಿ. ನಗಬೇಡಿ. ನಮ್ಮ ಮೊಳಕಾಲ್ಮೂರು ಸೀಮೆಯ ಮ್ಯಾಸ ನಾಯಕರ ಹಟ್ಟಿಗಳಲ್ಲಿ ದೇವರ ಎತ್ತುಗಳೆಂದು ಇರುತ್ತವೆ. ಅವು ಉಳುವ ಎತ್ತುಗಳಲ್ಲ. ಅವುಗಳ ಹೆಗಲಿಗೆ ಯಾರೂ ನೊಗ ಇಡುವುದಿಲ್ಲ, ಬಾರುಕೋಲು ಬೀಸುವುದಿಲ್ಲ, ಸಂತೆಗೆ ಹೊಡೆದುಕೊಂಡು ಹೋಗುವುದಿಲ್ಲ. ಹಗಲು ಗುಡ್ಡದಲ್ಲಿ ಮೇದು, ಸಂಜೆ ಹಟ್ಟಿಯಂಚಿನ ಮುಳ್ಳುಬೇಲಿಯ ರೊಪ್ಪಕ್ಕೆ ಬಂದು ಮಲಗುವುದಷ್ಟೇ ಅವುಗಳ ಕೆಲಸ. ಅವುಗಳನ್ನು ಕಾಯುವವನನ್ನು ಕಿಲಾರಿ ಅನ್ನುತ್ತಾರೆ. ನಮ್ಮ ಮನೆ ಆ ರೊಪ್ಪಕ್ಕೆ ಅಂಟಿಕೊಂಡೇ ಇತ್ತು. ಹಿಂಬಾಗಿಲಲ್ಲಿ ಕೂತು ಮುಸುರೆ ತಿಕ್ಕುತ್ತ ನಾನು ಅವು ಇಳಿದು ಬರುವುದನ್ನು ನೋಡುತ್ತಿದ್ದೆ. ಅವುಗಳ ಬಾಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿರುತ್ತಿತ್ತು. ನನ್ನ ಹೊಟ್ಟೆಯುರಿಯೆಲ್ಲ ಆ ನೀರಿನ ಮೇಲೆ. ಗುಡ್ಡದ ಮೇಲೆ ಬಂಡೆಗಳ ನಡುವೆ ಒಂದು ದೊಣೆ ಇತ್ತು, ಮಳೆಯ ನೀರು ನಿಲ್ಲುವ ಕಲ್ಲಿನ ಹೊಂಡ. ಆ ನೀರು ಎತ್ತುಗಳಿಗೆ ಮೀಸಲು. ಎತ್ತು ಕುಡಿಯಬಹುದು, ಎತ್ತು ಕಾಯುವ ಕಿಲಾರಿ ಕುಡಿಯಬಹುದು. ಮಿಕ್ಕವರು ಮುಟ್ಟುವ ಹಾಗಿರಲಿಲ್ಲ.

ಮಿಕ್ಕವರಿಗೆಲ್ಲ ಬೋರಿಂಗು. ನಾನು ಹುಟ್ಟುವ ಮುಂಚೆ ಸರ್ಕಾರದವರು ಬಂದು ಹಟ್ಟಿಯ ಬಾಗಿಲಲ್ಲೇ ಕೊರೆಸಿ, ಕೈಯಿಂದ ಒತ್ತುವ ಪಂಪು ಕೂರಿಸಿ ಹೋಗಿದ್ದರು. ಅದಕ್ಕೆ ಮೊದಲು ಹೆಂಗಸರು ಹಳ್ಳದ ಮರಳಿನಲ್ಲಿ ಚಿಲುಮೆ ತೋಡಿ, ಊರಿದ ನೀರನ್ನು ಚಿಪ್ಪಿನಲ್ಲಿ ಗೋರಿ ಗೋರಿ ಕೊಡ ತುಂಬುತ್ತಿದ್ದರಂತೆ. ಅವ್ವ ಮದುವೆಯಾಗಿ ಬಂದಾಗ ಬೋರಿಂಗು ಹೊಸದು. ನೀರು ಹೊರುವ ಕಷ್ಟವಿಲ್ಲದ ಮನೆ ಸಿಕ್ಕಿತೆಂದು ತವರಿನಲ್ಲಿ ಅವಳ ತಂಗಿಯರು ಕಣ್ಣು ಹಾಕಿದರಂತೆ. ನೀರು ಬಂದ ದಿನ ಹಿರಿಯರು ಸೇರಿ ಎತ್ತುಗಳಿಗೂ ಇದನ್ನೇ ಕುಡಿಸಬಹುದೇ ಎಂದು ಮಾತಾಡಿದರು. ಪಂಪಿನೊಳಗೆ ಚರ್ಮದ ವಾಷರು ಇದೆಯೆಂದು ಕೂರಿಸುವವನೇ ಹೇಳಿಬಿಟ್ಟಿದ್ದ. ಚರ್ಮ ಮುಟ್ಟಿದ ನೀರು ದೇವರಿಗಾಗದು ಎಂದು ತೀರ್ಮಾನವಾಯಿತು. ಮನುಷ್ಯರಿಗೆ ಆದೀತು ಎಂದೂ ತೀರ್ಮಾನವಾಯಿತು. ಹೀಗೆ ಎತ್ತುಗಳು ಹಳೆಯ ನೀರಿನಲ್ಲಿ ಉಳಿದವು, ನಾವು ಹೊಸ ನೀರಿಗೆ ಬಂದೆವು.

ಆ ನೀರು ನಮ್ಮ ಮನೆಯೊಳಗೆ ಏನೇನು ಮಾಡಿತೆಂದು ಈಗ ಹೇಳಬಲ್ಲೆ, ಆಗ ಅದೆಲ್ಲ ಮನೆಯ ರೀತಿಯೆಂದೇ ತಿಳಿದಿದ್ದೆ. ನಮ್ಮದು ಒಂದೇ ಅಂಕಣದ ಮನೆ. ಒಂದು ಮೂಲೆಯಲ್ಲಿ ಒಲೆ, ಇನ್ನೊಂದರಲ್ಲಿ ಶೇಂಗಾ ಚೀಲ, ನಡುವೆ ಒರಳುಕಲ್ಲು. ನೀರಿನ ಕೊಡದ ಒಳಗೆ ಸುಣ್ಣ ಬಳಿದಂತೆ ಬಿಳಿ ಪದರ ಕಟ್ಟುತ್ತಿತ್ತು. ಬೇಳೆ ಎಷ್ಟು ಕುದಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತಿತ್ತು. ಸೌದೆ ತೀರುತ್ತಿತ್ತೇ ಹೊರತು ಬೇಳೆ ಬೇಯುತ್ತಿರಲಿಲ್ಲ. ಅಜ್ಜಿ ದಿನವೂ ಅವ್ವನ ಕೈಗುಣಕ್ಕೆ ಬೈಯುತ್ತಿದ್ದಳು. ಅಪ್ಪ ನೆಲದ ಮೇಲೆ ಕೂತು ಉಣ್ಣುತ್ತಿರಲಿಲ್ಲ, ಒರಳಿನ ಮೇಲೆ ಕೂತು ತಟ್ಟೆಯನ್ನು ಎದೆಯ ಹತ್ತಿರ ಹಿಡಿದು ಮುದ್ದೆ ನುಂಗುತ್ತಿದ್ದ. ಅವನ ಸೊಂಟ ಬಾಗುತ್ತಿರಲಿಲ್ಲ. ಯಾರಾದರೂ ಹಿಂದಿನಿಂದ ಕರೆದರೆ ಕುತ್ತಿಗೆ ತಿರುಗಿಸಲಾರದೆ ಇಡೀ ಮೈಯನ್ನು ತಿರುಗಿಸುತ್ತಿದ್ದ. ಹಟ್ಟಿಯ ಗಂಡಸರು ಅವನನ್ನು ಸಾಹೇಬ್ರು ಎಂದು ರೇಗಿಸುತ್ತಿದ್ದರು. ನನಗೆ ಅದು ಹೆಮ್ಮೆಯ ಮಾತಾಗಿ ಕೇಳಿಸುತ್ತಿತ್ತು. ಅವನಿಗೆ ಇನ್ನೂ ತಲೆಗೂದಲು ಸಹ ನರೆತಿರಲಿಲ್ಲ.

ಇನ್ನು ಹಲ್ಲು. ಹಟ್ಟಿಯಲ್ಲಿ ನನ್ನ ವಾರಿಗೆಯವರ ಹಲ್ಲೆಲ್ಲ ಒಂದೇ ಬಣ್ಣ, ಕಂದು ಗೀರು, ಹಳದಿ ಚುಕ್ಕೆ, ಅಲ್ಲಲ್ಲಿ ಚಕ್ಕೆ ಎದ್ದದ್ದು. ಎಲ್ಲರದೂ ಹಾಗೇ ಇದ್ದಾಗ ಯಾರು ಯಾರನ್ನು ನೋಡಿ ಏನನ್ನಬೇಕು? ಹಾಲು ಹಲ್ಲು ಬಿದ್ದು ನನಗೆ ಮುಂದಿನ ಎರಡು ಹಲ್ಲು ಬಂದ ವರ್ಷ ಅಜ್ಜಿ ಮೊಮ್ಮಗಳ ಜೊತೆ ಫೋಟೋ ತೆಗೆಸಿಕೊಳ್ಳಬೇಕೆಂದು ಹಟ ಹಿಡಿದು ಮೊಳಕಾಲ್ಮೂರಿಗೆ ಕರೆದುಕೊಂಡು ಹೋದಳು. ನಾನು ಹೊಸ ಲಂಗ ಉಟ್ಟು, ಸ್ಟೂಲಿನ ಮೇಲೆ ನಿಂತು, ಬಾಯಿ ತುಂಬ ನಕ್ಕೆ. ಕ್ಯಾಮೆರಾದ ಹಿಂದಿದ್ದ ಸ್ಟುಡಿಯೋದವನು ತಲೆ ಎತ್ತಿದ.

"ಪಾಪೂ, ತುಟಿ ಮುಚ್ಕಂಡು ನಗಮ್ಮ."

"ಯಾಕ್ರಿ?" ಎಂದಳು ಅಜ್ಜಿ.

"ಹಲ್ಲು ಚೆನ್ನಾಗಿ ಬರಾಕಿಲ್ಲ ಕಣಜ್ಜಿ. ಕರ್ರಗೆ ಬೀಳ್ತಾವೆ."

ಗೋಡೆಯ ಮೇಲೆ ಯಾರೋ ಹುಡುಗಿಯ ಫೋಟೋ ತೂಗುಹಾಕಿದ್ದರು. ಅವಳು ಎಲ್ಲ ಹಲ್ಲು ತೋರಿಸಿ ನಗುತ್ತಿದ್ದಳು. ಯಾವೂರಿನವಳೋ, ಯಾರ ಮಗಳೋ ಗೊತ್ತಿಲ್ಲದ ಅವಳನ್ನು ನಾನು ಅಲ್ಲೇ ನಿಂತು ದ್ವೇಷಿಸಿದೆ. ಮನೆಗೆ ಬಂದು ಇಟ್ಟಿಗೆ ಪುಡಿ, ಬೂದಿ, ನಿಂಬೆ ಸಿಪ್ಪೆ, ಸಿಕ್ಕಿದ್ದರಲ್ಲೆಲ್ಲ ತಿಕ್ಕಿದೆ. ಒಸಡಿನಲ್ಲಿ ರಕ್ತ ಬಂತು, ಬಣ್ಣ ಹೋಗಲಿಲ್ಲ. ಆಮೇಲೆ ಕಿಲಾರಿ ತಾತನ ಬಾಯಿ ನನ್ನ ಕಣ್ಣಿಗೆ ಬಿತ್ತು. ಆ ಮುದುಕ ನಮ್ಮ ಹಟ್ಟಿಯ ಎಲ್ಲರಿಗಿಂತ ಹಿರಿಯ. ಗುಡ್ಡ ಹತ್ತಿ ಇಳಿದು, ಒಂದು ಕಾಲು ಮಡಿಸಿ ಕೂತು, ಹುರಿದ ಶೇಂಗಾ ಕಟಕಟ ಕಡಿಯುತ್ತಿದ್ದ. ಅವನ ಹಲ್ಲು ಬೆಳ್ಳಗಿದ್ದವು. ಅವನ ಎತ್ತುಗಳ ಹಲ್ಲೂ ಬೆಳ್ಳಗಿದ್ದವು. ದನಗಳಿಗಿರುವ ಹಲ್ಲು ನನಗಿಲ್ಲವಲ್ಲ ಎಂದು ಹಿಂಬಾಗಿಲಲ್ಲಿ ಕೂತು ಅತ್ತದ್ದು ಚೆನ್ನಾಗಿ ನೆನಪಿದೆ.

ಅದೇ ಸುಮಾರಿಗೆ ಅವ್ವನಿಗೆ ಗಂಡುಮಗು ಹುಟ್ಟಿತು, ನನ್ನ ತಮ್ಮ ಓಬಯ್ಯ. ಅವನಿನ್ನೂ ಎದೆಹಾಲು ಕುಡಿಯುತ್ತಿದ್ದಾಗ ಚಳ್ಳಕೆರೆ ಕಡೆಯಿಂದ ಡಾಕ್ಟರು ಬಂದು ನಮ್ಮ ಹಟ್ಟಿಯ ಶಾಲೆಯ ಜಗುಲಿಯಲ್ಲಿ ಕೂತರು. ಎಲ್ಲರೂ ಸಾಲಾಗಿ ಹೋಗಿ ಬಾಯಿ ತೆಗೆದೆವು. ಅಪ್ಪನನ್ನು ಬಗ್ಗು ಅಂದರು, ಅವನು ಬಗ್ಗಲಾರದೆ ನಿಂತ. ಡಾಕ್ಟರು ಅವ್ವನನ್ನು ಕರೆದು ಮೆಲ್ಲಗೆ ಹೇಳಿದರು.

"ನೋಡಮ್ಮ, ಇದು ನಿಮ್ಮ ಬೋರಿಂಗ್ ನೀರಿಂದ ಆಗಿರೋದು. ಫ್ಲೋರೈಡ್ ಅಂತ, ನೆಲದೊಳಗಿನ ವಿಷ ಇದ್ದ ಹಂಗೆ. ಹಲ್ಲು ಹಾಳು ಮಾಡುತ್ತೆ, ಆಮೇಲೆ ಮೂಳೆ. ಮಕ್ಕಳಿಗೆ ಮಳೆ ನೀರು ಕುಡಿಸಿ. ಹಾಲು, ಮೊಟ್ಟೆ, ಸೊಪ್ಪು ಕೊಡಿ."

ಮೊಟ್ಟೆ ಎಂದ ಕೂಡಲೇ ಅಜ್ಜಿ ಎರಡೂ ಕಿವಿ ಮುಚ್ಚಿಕೊಂಡಳು. ನಮ್ಮ ಹಟ್ಟಿಯಲ್ಲಿ ಕೋಳಿ ಸಾಕುವುದಿಲ್ಲ, ತಿನ್ನುವುದಿಲ್ಲ, ಅದರ ಹೆಸರೆತ್ತಿದರೂ ಬಾಯಿ ತೊಳೆದುಕೊಳ್ಳುವ ಮುದುಕಿಯರಿದ್ದರು. ಹಾಲು ಕೊಡುವ ಆಕಳಿದ್ದವರು ಅದನ್ನು ಡೇರಿಗೆ ಹಾಕುತ್ತಿದ್ದರು. ಸೊಪ್ಪು ಮಳೆ ಬಂದರೆ ಉಂಟು. ಉಳಿದದ್ದು ಮಳೆ ನೀರು. ಹಳ್ಳದ ಚಿಲುಮೆಗಳು ಬತ್ತಿ ಹೋಗಿದ್ದವು. ಮಳೆ ನೀರೆಂದರೆ ಗುಡ್ಡದ ದೊಣೆ, ದೊಣೆಯೆಂದರೆ ಎತ್ತಿನ ನೀರು. ಅವ್ವ ಕೂಸನ್ನು ಸೊಂಟಕ್ಕೇರಿಸಿಕೊಂಡು ಸೀದಾ ರೊಪ್ಪದ ಬಾಗಿಲಿಗೆ ಹೋದಳು. ನಾನು ಅವಳ ಸೆರಗು ಹಿಡಿದಿದ್ದೆ.

"ತಾತಾ, ದಿನಕ್ಕೊಂದು ಬಿಂದಿಗೆ ನೀರು ಕೊಡ್ತೀಯಾ? ಮಕ್ಳಿಗೆ."

"ನನ್ನ ನೀರಾಗಿದ್ರೆ ಕೊಡ್ತಿದ್ದೆ ತಾಯಿ. ಎತ್ತಿನ ನೀರು ಅದು. ನಿನಗೆ ಕೊಟ್ರೆ ಹಟ್ಟಿಗೆಲ್ಲ ಕೊಡ್ಬೇಕು. ಬ್ಯಾಸಿಗ್ಯಾಗೆ ದೊಣೆ ತಳ ಕಾಣ್ತೈತೆ, ಎತ್ತು ಎಲ್ಲಿ ಕುಡೀಬೇಕು?"

ತಾತ ಸುಳ್ಳು ಹೇಳುತ್ತಿರಲಿಲ್ಲ. ಬೇಸಿಗೆಯಲ್ಲಿ ದೊಣೆಯ ನೀರು ಎತ್ತುಗಳಿಗೇ ಸಾಲುತ್ತಿರಲಿಲ್ಲ. ಅವ್ವ ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಕೇಳಿದಳು.

"ಕಿಲಾರಿಯಾದೋರು ಕುಡೀಬೋದಲ್ಲಾ?"

"ಹೂಂ. ಕಿಲಾರಿಯಾದೋರು ಬೇರೆ ನೀರು ಮುಟ್ಟಂಗೇ ಇಲ್ಲ."

ಮುಂದಿನ ಸೋಮವಾರ, ಕಿಲಾರಿಯಾಗಲಿರುವ ಓಬಯ್ಯನಿಗೆ ಎಣ್ಣೆ ಹಚ್ಚಿ ಎರೆದು, ರೊಪ್ಪದ ಬಾಗಿಲಲ್ಲಿ ಕರಿ ಕಂಬಳಿ ಹಾಸಿ ಮಲಗಿಸಿದರು. ಎತ್ತುಗಳು ಒಂದೊಂದಾಗಿ ಅವನ ಪಕ್ಕದಿಂದ ಹಾದು ಹೊರಟವು. ಮುಂದಿನ ದೊಡ್ಡ ಎತ್ತು ನಿಂತು ಅವನ ಹೊಟ್ಟೆ ಮೂಸಿತು. ಹೆಂಗಸರು ಸೋಬಾನೆ ಹೇಳಿದರು. ಅಜ್ಜಿ ನಮ್ಮ ಮನೆಯ ತೆಲುಗಿನಲ್ಲಿ "ನಾ ನಾಯನಾ, ನಾ ಬಂಗಾರೂ" ಎಂದು ಕೂಸಿನ ನೆಟಿಗೆ ತೆಗೆದು, ತಮ್ಮ ಮನೆತನಕ್ಕೆ ಇಂಥ ಭಾಗ್ಯ ಬಂತಲ್ಲ ಎಂದು ಅತ್ತಳು. ಹಟ್ಟಿಯವರೆಲ್ಲ ಅವ್ವನ ಭಕ್ತಿಯನ್ನು ಹೊಗಳಿದರು. ಅಪ್ಪ ಮಾತ್ರ ಅಂದು ಊಟದ ಹೊತ್ತಿಗೆ ಒರಳಿನ ಮೇಲೆ ಕೂತು ತಟ್ಟೆಯನ್ನು ಅತ್ತ ತಳ್ಳಿದ.

"ನನ್ನ ಒಂದ್ ಮಾತು ಕೇಳ್ದೇನೇ ಕೊಟ್ಟೆಯಲ್ಲೇ. ಓದುಸ್ಬೇಕು ಅಂದಿದ್ದೆ ನಾನು ಅವ್ನನ್ನ."

"ಕುಂತು ಓದಾಕೂ ಸೊಂಟ ನೆಟ್ಟಗಿರ್ಬೇಕು. ನಿಂದು ಐತಾ?"

ಅಪ್ಪ ಎದ್ದು ಹೋಗಬೇಕೆಂದುಕೊಂಡನೋ ಏನೋ, ಗೋಡೆ ಹಿಡಿದು ಏಳುವಷ್ಟರಲ್ಲಿ ಸಿಟ್ಟು ಇಳಿದಿರಬೇಕು. ಮತ್ತೆ ಕೂತು ಉಂಡ.

ಅಂದಿನಿಂದ ನಮ್ಮ ಒಂದೇ ಅಂಕಣದ ಮನೆಯಲ್ಲಿ ಎರಡು ಮನೆಗಳಾದವು. ಸೂರಿನಿಂದ ಒಂದು ನೆಲುವು ಇಳಿಬಿಟ್ಟು ಅದರಲ್ಲಿ ಸಣ್ಣ ಮಣ್ಣಿನ ಗಡಿಗೆ ಇಟ್ಟರು, ಓಬಯ್ಯನ ಮೀಸಲು ಗಡಿಗೆ. ಕಿಲಾರಿ ತಾತ ಸಂಜೆ ಗುಡ್ಡದಿಂದ ಬಂದವನೇ ತನ್ನ ಸೋರೆಬುರುಡೆಯಿಂದ ಅದಕ್ಕೆ ನೀರು ಸುರಿದು ಹೋಗುತ್ತಿದ್ದ. ಓಬಯ್ಯ ಅನ್ನ ತಿನ್ನುವಂತಾದ ಮೇಲೆ ಅವನದು ಬೇರೆ ಕುಡಿಕೆ, ಬೇರೆ ಸೌಟು. ಅವ್ವ ಮೊದಲು ಅವನ ಕುಡಿಕೆಯನ್ನು ಒಲೆಗೇರಿಸುತ್ತಿದ್ದಳು. ಅದರಲ್ಲಿ ಬೇಳೆ ಬೆಂದು ಕರಗಿ ಘಮ್ಮೆನ್ನುತ್ತಿತ್ತು. ಆಮೇಲೆ ನಮ್ಮ ಪಾತ್ರೆ, ನಮ್ಮ ಗಟ್ಟಿ ಬೇಳೆ. ಇವತ್ತು ಚಳ್ಳಕೆರೆಯಲ್ಲಿ ನನ್ನ ಅಡುಗೆಮನೆಯಲ್ಲಿ ಫಿಲ್ಟರ್ ನೀರಿನ ಕ್ಯಾನಿದೆ. ಅದರಲ್ಲಿ ಮೊದಲ ಸಲ ಬೇಳೆ ಬೇಯಿಸಿ, ಅದು ಕರಗಿದ್ದನ್ನು ನೋಡಿದಾಗ ನನಗೆ ಖುಷಿಯೇನೂ ಆಗಲಿಲ್ಲ. ಇಷ್ಟು ರುಚಿಯನ್ನು ಒಬ್ಬನೇ ತಿಂದನಲ್ಲ ಎಂದು ತಮ್ಮನ ಮೇಲೆ ಹೊಸದಾಗಿ ಸಿಟ್ಟು ಬಂತು.

ಆ ಗಡಿಗೆಯನ್ನು ನಾನು ದಿನವಿಡೀ ನೋಡುತ್ತಿದ್ದೆ. ಬೆಳಿಗ್ಗೆ ಕಣ್ಣು ಬಿಟ್ಟರೆ ಮೊದಲು ಕಾಣುವುದೇ ಅದು. ಓಬಯ್ಯ ನೀರು ಕೇಳಿದರೆ ಅವ್ವ ಕೈ ತೊಳೆದು, ಗಡಿಗೆ ಇಳಿಸಿ, ಚೊಂಬಿಗೆ ಬಗ್ಗಿಸಿ ಕೊಡುತ್ತಿದ್ದಳು. ಅವನು ಗಟಗಟ ಕುಡಿದು ತುಟಿ ಒರೆಸಿಕೊಳ್ಳುವುದನ್ನು ನೋಡಿದರೆ ನನ್ನ ಗಂಟಲು ಒಣಗುತ್ತಿತ್ತು. ಒಂದು ಮಧ್ಯಾಹ್ನ ನೇರವಾಗಿಯೇ ಕೇಳಿದೆ.

"ನಂಗೂ ಒಂದು ಲೋಟ ಕೊಡವ್ವ."

"ಅದು ಎತ್ತಿನ ನೀರು."

"ಅವ್ನೇನು ಎತ್ತಾ?"

ಕೆನ್ನೆಗೆ ಬಿತ್ತು. ಬಿದ್ದರೂ ನಾನು ಬಿಡಲಿಲ್ಲ. ಗಂಡುಮಗನಿಗೆ ಒಂದು, ಹೆಣ್ಣುಮಗಳಿಗೆ ಒಂದು, ನೀನು ಮಾಡುವುದೆಲ್ಲ ಕಂಡಿದ್ದೇನೆ, ನನಗೆ ಈ ಹಲ್ಲು ಕೊಟ್ಟವಳು ನೀನೇ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಇನ್ನೊಂದು ಏಟು ಬೀಳುತ್ತದೆಂದು ಕಣ್ಣು ಮುಚ್ಚಿ ಕಾದೆ. ಬೀಳಲಿಲ್ಲ. ಅವ್ವ ಒಲೆಯ ಮುಂದೆ ಕುಸಿದು ಕೂತಿದ್ದಳು.

"ನಿಂದು ಆಗೋಯ್ತಲ್ಲೇ ಪಾಲಕ್ಕ. ಬಂದ ಹಲ್ಲು ಬಂದಂಗೇ, ಇನ್ನು ಏನು ಕುಡುದ್ರೂ ಬೆಳ್ಳಗಾಗಲ್ಲ ಅಂತ ಡಾಕ್ಟ್ರು ಅಂದ್ರು. ಅವ್ನದಾದ್ರೂ ಉಳೀಲಿ ಅಂತ ಎತ್ತಿಗೆ ಕೊಟ್ಟೆ. ನಂಗೇನ್ ಭಕ್ತಿ ಇತ್ತಾ? ಹೆಣ್ಮಕ್ಳನ್ನ ಕಿಲಾರಿ ಮಾಡ್ಕಂಡಿದ್ರೆ, ಈ ನೀರಿನ ಸಂಗ್ತಿ ಆಗ್ಲೇ ಗೊತ್ತಿದ್ರೆ, ಹಲ್ಲು ಬೀಳಾಕೆ ಮುಂಚೆ ನಿನ್ನೇ ಕೊಡ್ತಿದ್ದೆ."

ಇಂಥ ಮಾತು ಕೇಳಿ ಮಕ್ಕಳ ಮನಸ್ಸು ಕರಗಬೇಕು. ನನ್ನದು ಕರಗಲಿಲ್ಲ. ಅವ್ವನ ಮೇಲಿನ ಸಿಟ್ಟು ಹೋಯಿತು, ಅಷ್ಟನ್ನೂ ಸೇರಿಸಿ ಓಬಯ್ಯನ ಮೇಲೆ ಹಾಕಿದೆ. ಉಳಿಯಲಿರುವವನು ಅವನು, ಆಗಿಹೋದವಳು ನಾನು. ಅವನ ಹಾಲು ಹಲ್ಲು ಬೆಳ್ಳಗಿದ್ದವು, ಆದರೆ ಅದರಲ್ಲೇನಿದೆ, ನನ್ನವೂ ಬೆಳ್ಳಗಿದ್ದವು. ನಿಜವಾದ ಹಲ್ಲು ಬರುವುದು ಆಮೇಲೆ. ನಾನು ಅದಕ್ಕೆ ಕಾದೆ. ಬೇರೆ ಅಕ್ಕಂದಿರು ತಮ್ಮಂದಿರ ಹಲ್ಲು ಬಿದ್ದರೆ ಮಾಡಿನ ಮೇಲೆ ಎಸೆದು ಒಳ್ಳೆಯ ಹಲ್ಲು ಬರಲಿ ಅನ್ನುತ್ತಾರೆ. ನಾನೂ ಎಸೆದೆ, ಬಾಯಲ್ಲಿ ಹಾಗೆಯೇ ಅಂದೆ. ಮನಸ್ಸಿನಲ್ಲಿ, ದೇವರೇ, ಇವನಿಗೂ ನನ್ನಂಥವೇ ಬರಲಿ, ಒಂದು ಗೀರಾದರೂ ಇರಲಿ, ಒಂದು ಚುಕ್ಕೆಯಾದರೂ ಇರಲಿ ಎಂದು ಬೇಡಿಕೊಂಡೆ. ದಿನವೂ ಅವನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ಒಸಡು ನೋಡುತ್ತಿದ್ದೆ. ಅಕ್ಕನಿಗೆ ತನ್ನ ಮೇಲೆ ಎಷ್ಟು ಪ್ರೀತಿಯೆಂದು ಅವನು ಖುಷಿಯಿಂದ ಬಾಯಿ ಅಗಲಿಸುತ್ತಿದ್ದ. ಒಂದು ದಿನ ಒಸಡು ಒಡೆದು ತುದಿ ಕಂಡಿತು. ಸಿಪ್ಪೆ ಬಿಡಿಸಿದ ಹಸಿ ಶೇಂಗಾ ಬೀಜದಷ್ಟು ಬಿಳುಪು.

ಅವನ ಮೈಯೂ ಹಾಗೇ ಬೆಳೆಯಿತು. ಕರುಗಳ ಹಿಂದೆ ಗುಡ್ಡಕ್ಕೆ ಓಡುತ್ತಿದ್ದ, ಬಂಡೆಯಿಂದ ಬಂಡೆಗೆ ನೆಗೆಯುತ್ತಿದ್ದ. ನನಗಾಗಲೇ ಶಾಲೆಯಲ್ಲಿ ನೆಲದ ಮೇಲೆ ಬಹಳ ಹೊತ್ತು ಕೂತರೆ ಏಳುವಾಗ ಮಂಡಿ ಹಿಡಿದುಕೊಳ್ಳುತ್ತಿತ್ತು. ನಾನು ಏಳನೆಯ ತರಗತಿಗೆ ಬಂದ ವರ್ಷ, ಮಳೆಗಾಲದ ಮೊದಲಿಗೆ, ಓಬಯ್ಯನ ಜೊತೆ ಗೋಲಿ ಆಡುತ್ತಿದ್ದ ಹುಡುಗರನ್ನೆಲ್ಲ ಶಾಲೆಗೆ ಸೇರಿಸಿದರು. ಅವನನ್ನು ಸೇರಿಸುವ ಮಾತೇ ಇರಲಿಲ್ಲ. ಶಾಲೆಯಲ್ಲಿ ಬೋರಿಂಗ್ ನೀರು, ಬೋರಿಂಗ್ ನೀರಿನ ಬಿಸಿಯೂಟ, ಎಲ್ಲರೂ ಮುಟ್ಟಿದ ತಟ್ಟೆ. ಕಿಲಾರಿಗೆ ಅದೊಂದೂ ಆಗದು. ಅವನು ಬೆಳಿಗ್ಗೆ ನಮ್ಮ ಹಿಂದೆ ಶಾಲೆಯ ಕಲ್ಲುಕಂಬದವರೆಗೆ ಬಂದು ನಿಲ್ಲುತ್ತಿದ್ದ. ಒಳಗೆ ನಾವು ಮಗ್ಗಿ ಹೇಳಿದರೆ ಹೊರಗೆ ಅವನು ತುಟಿ ಆಡಿಸುತ್ತಿದ್ದ. ನನಗೆ ಅದನ್ನು ನೋಡಿ ಒಳಗೊಳಗೇ ಹಿತವಾಗುತ್ತಿತ್ತು. ನನ್ನ ಹತ್ತಿರ ಇದ್ದು ಅವನ ಹತ್ತಿರ ಇಲ್ಲದ್ದು ಅದೊಂದೇ.

ಒಂದು ಬೆಳಿಗ್ಗೆ ಅಜ್ಜಿ ತನ್ನ ಎಲೆಯಡಿಕೆ ಚೀಲದ ಕಾಚು ಕಾಣೆಯಾಗಿದೆಯೆಂದು ಮನೆಯವರನ್ನೆಲ್ಲ ಬೈಯುತ್ತಿದ್ದಳು. ನಾನು ಬೈಗುಳ ಕೇಳುತ್ತಲೇ ಶಾಲೆಗೆ ಬಂದೆ. ಪ್ರಾರ್ಥನೆ ಮುಗಿದು ಕೂತಿದ್ದೆವು, ಬಾಗಿಲಲ್ಲಿ ಓಬಯ್ಯ ಬಂದು ನಿಂತ. ಕಂಬದಿಂದ ಈಚೆಗೆ ಅವನು ಬಂದದ್ದು ಅದೇ ಮೊದಲು.

"ಸಾರ್, ನಂದೂ ಆಯ್ತು. ನನ್ನೂ ಸೇರಿಸ್ಕಳ್ರಿ."

"ಏನಾಯ್ತೋ?" ಎಂದರು ಮೇಷ್ಟ್ರು.

"ಹಲ್ಲು ಸಾರ್."

ಬಾಯಿ ಅಗಲಿಸಿದ. ಅವನ ಹಲ್ಲೆಲ್ಲ ಕಂದಾಗಿದ್ದವು. ಕಾಚು ನೆನೆಸಿ, ಬೆರಳಿನಿಂದ ಒಂದೊಂದು ಹಲ್ಲಿಗೂ ಮೆತ್ತಿ ಮೆತ್ತಿ ಬಳಿದುಕೊಂಡಿದ್ದ. ಗದ್ದದ ಮೇಲೆಲ್ಲ ಇಳಿದಿತ್ತು. ಇಡೀ ಶಾಲೆ ನಕ್ಕಿತು. ಮೇಷ್ಟ್ರು ಹೊರಗಿನವರು, ಅವರಿಗೇನೂ ಅರ್ಥವಾಗಲಿಲ್ಲ. ಯಾರ ತಮ್ಮನೋ ಕರೆದುಕೊಂಡು ಹೋಗಿ ಬಾಯಿ ತೊಳೆಸಿ ಎಂದರು. ನಾನು ಎದ್ದು, ಅವಮಾನದಿಂದ ಕುದಿಯುತ್ತ, ಅವನ ರಟ್ಟೆ ಹಿಡಿದು ಶಾಲೆಯ ಮುಂದಿನ ಬೋರಿಂಗಿನ ಹತ್ತಿರ ಎಳೆದುಕೊಂಡು ಹೋದೆ.

"ಯಾರ್ ಹೇಳಿದ್ರೋ ಇದನ್ನ ಬಳ್ಕಳಾಕೆ?"

"ಯಾರೂ ಹೇಳ್ಲಿಲ್ಲ. ಸ್ಕೂಲಿಗೆ ಹೋಗೋರದೆಲ್ಲ ಹಿಂಗೇ ಇರ್ತಾವಲ್ಲ ಅಕ್ಕ. ನಿಂದೂ ಹಿಂಗೇ. ಕಿಲಾರಿ ತಾತಂದು, ನಂದು ಅಷ್ಟೇ ಬೆಳ್ಳಗೆ. ಬೆಳ್ಳಗಿದ್ರೆ ಸ್ಕೂಲಿಗೆ ಹಾಕಲ್ಲ, ಎತ್ತಿಗೆ ಹಾಕ್ತಾರೆ."

ಬಾಯಿ ತೊಳೆಸಲು ಬೋರಿಂಗಿನ ಹಿಡಿಗೆ ಕೈ ಹಾಕಿದವಳಿಗೆ, ಈ ನೀರು ಅವನ ಬಾಯಿಗೆ ಹೋಗಬಾರದೆಂಬುದು ಆಗ ನೆನಪಾಯಿತು. ಲಂಗದ ಅಂಚು ಹಿಡಿದು ಅವನ ಹಲ್ಲು ಒರೆಸತೊಡಗಿದೆ. ಕಾಚು ಬಿಟ್ಟಲ್ಲೆಲ್ಲ ಅಡಿಯಿಂದ ಬಿಳುಪು ಎದ್ದು ಬಂತು. ಅವನು ನನ್ನ ಕೈ ತಳ್ಳಿದ.

"ಅಳಿಸ್ಬ್ಯಾಡ ಅಕ್ಕ! ಬಳ್ಕಂಡ್ರೆ ಅಳಿಸ್ತೈತೆ. ಈ ನೀರು ಕುಡುದ್ರೆ ಅಳಿಸಲ್ಲ ಅಲ್ವಾ? ಅವ್ವ ಅಂತಿದ್ಲು. ಒತ್ತು."

ಹೇಳಿದವನೇ ಬಗ್ಗಿ ಬೋರಿಂಗಿನ ಮೂತಿಗೆ ಬಾಯಿ ಹಚ್ಚಿದ. ಅಪ್ಪನಿಗೆ ಬಾರದ ಹಾಗೆ, ಸಲೀಸಾಗಿ, ಸೊಂಟದಿಂದ ಪೂರ್ತಿ ಬಗ್ಗಿದ್ದ. ನನ್ನ ಕೈ ಹಿಡಿಯ ಮೇಲೆ ಹೋಯಿತು. ಅವನು ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದ. ಇಷ್ಟು ವರ್ಷ ನಾನು ದೇವರನ್ನು ಬೇಡಿಕೊಂಡದ್ದನ್ನು ಈಗ ಅವನೇ ನನ್ನನ್ನು ಬೇಡುತ್ತಿದ್ದ. ಒತ್ತಬೇಕೆನ್ನಿಸಿತು. ಅನ್ನಿಸಲಿಲ್ಲವೆಂದು ಹೇಳಿದರೆ ಯಾರು ನಂಬುತ್ತಾರೆ?

ನಾನು ಅವನ ಕೂದಲು ಹಿಡಿದು ಮೇಲೆತ್ತಿದೆ. ಬೆನ್ನಿಗೊಂದು ಗುದ್ದು ಹಾಕಿ, ಕಲ್ಲುಕಂಬದ ಆಚೆಗೆ ತಳ್ಳಿಕೊಂಡು ಹೋಗಿ ನಿಲ್ಲಿಸಿದೆ.

"ಇನ್ನೊಂದ್ ಸಲ ಬಾಯಿ ಇಟ್ಟೀಯಾ, ಹಲ್ಲು ಮುರೀತೀನಿ. ಎತ್ತು ಹೊರಟವು, ಹೋಗು."

ಅವನು ಹೋಗಲಿಲ್ಲ. ಕಂಬಕ್ಕೆ ಆತುಕೊಂಡು, ಅರ್ಧ ಕಂದು ಅರ್ಧ ಬಿಳಿ ಹಲ್ಲುಗಳನ್ನು ತುಟಿಯಲ್ಲಿ ಮುಚ್ಚಿಕೊಂಡು ನಿಂತ. ಕೂಗಾಡಿ ನನ್ನ ಗಂಟಲು ಒಣಗಿತ್ತು. ಬೋರಿಂಗಿಗೆ ಮರಳಿ ಬಂದು, ಹಿಡಿ ಒತ್ತಿ, ಓಡಿ ಹೋಗಿ ಬೊಗಸೆ ಒಡ್ಡಿ ನೀರು ಕುಡಿದೆ. ಮತ್ತೆ ಒತ್ತಿದೆ, ಮತ್ತೆ ಕುಡಿದೆ. ತಲೆಯೆತ್ತಿದರೆ ಓಬಯ್ಯ ರೆಪ್ಪೆ ಬಡಿಯದೆ ನನ್ನ ಬಾಯಿಯನ್ನೇ ನೋಡುತ್ತಿದ್ದ. ಅವನ ಗಡಿಗೆಯನ್ನು ನಾನು ಹಾಗೆಯೇ ನೋಡುತ್ತಿದ್ದೆ.